ಗುರುಪಾದಯ್ಯನವರ ರುಮಾಲು

ವಿಜಾಪುರ
ಮಾರ್ಚ್ ೯, ೧೯೪೬, ಶನಿವಾರ

ತೀರ್ಥರೂಪ ಅಪ್ಪನವರ ಪಾದಗಳಿಗೆ ನಿಮ್ಮ ಶಿವಯೋಗೆಪ್ಪನ ಸಾಷ್ಟಾಂಗ ನಮಸ್ಕಾರ.

ನಿಡೋಣಿ ಊರಿನವರಿಗೆ ನಾಟಕ ಕಲಿಸಿ ಕಲಿಸಿ ನಿಮ್ಮ ಗಂಟಲು ಕಟ್ಟಿದೆಯೆಂದು ಅವ್ವ ಹೇಳಿಕಳಿಸಿದ್ದಳು. ಈಗ ಹೇಗಿದೆ? ಜ್ಯೇಷ್ಠಮಧು ಬಾಯಲ್ಲಿಟ್ಟುಕೊಳ್ಳಿ, ಆದರೆ ರಾಜನ ಪಾತ್ರವನ್ನು ಮಾತ್ರ ಯಾರಿಗೂ ಬಿಟ್ಟುಕೊಡಬೇಡಿ! ನನ್ನ ಕಂಠವೇನೋ ನಗಾರಿಯಂತಿದೆ. ಕೇಡಾದದ್ದು ಅದರಿಂದಲೇ.

ಅಪ್ಪಾ, ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ಮ್ಯಾನೇಜರಿಕೆ ಕಲಿಯಲು ಸೇರಿದವನಿಗೆ ಮ್ಯಾನೇಜರಿಕೆ ಎಂದರೇನೆಂಬುದೇ ಇನ್ನೂ ತಿಳಿದಿಲ್ಲ. ತೂಕದ ಕಟ್ಟೆಯಲ್ಲಿ ನಿಲ್ಲಿಸಿದರು, ಗೋದಾಮಿನಲ್ಲಿ ಕೂರಿಸಿದರು, ಹತ್ತಿಯ ಮೂಟೆ ಒತ್ತುವ ಪ್ರೆಸ್ಸಿನಲ್ಲಿ ಬೆವರಿಳಿಸಿದರು. ಈಗ ಬೀಜ ಬಿಡಿಸುವ ಯಂತ್ರಗಳ ನಡುವೆ ತಂದು ಬಿಟ್ಟಿದ್ದಾರೆ. ಯುಗಾದಿಗೆ ಈ ಖಾತೆಯನ್ನು ನನಗೆ ಒಪ್ಪಿಸಬೇಕೋ, ನಮ್ಮೂರು ಬಬಲೇಶ್ವರದ ಹಾದಿ ಹಿಡಿಸಬೇಕೋ ಎಂಬುದು ಹಿರಿಯ ಮ್ಯಾನೇಜರ ಗುರುಪಾದಯ್ಯನವರ ಕೈಯಲ್ಲಿದೆ. ಅವರೋ ಮೌನದ ಮೂರುತಿ! ಏನು ಕೇಳಿದರೂ ಒಂದೇ ಮಾತು: "ಬಾಯಿ ಮುಚ್ಚು, ಕಣ್ಣು ತಗಿ." ಬಾಯಿ ಮುಚ್ಚಿ ರಾಜ್ಯವಾಳಿದ ಅರಸನನ್ನು ಯಾವ ರಂಗದ ಮೇಲಾದರೂ ಕಂಡಿದ್ದೇವೆಯೇ?

ನಾನು ನೀವು ಕಲಿಸಿದಂತೆ ಎದೆ ಸೆಟೆಸಿ, ಯಂತ್ರಗಳ ಸದ್ದನ್ನೂ ಸೀಳಿ, "ಎಲೈ ಸೇವಕರಿರಾ, ಹತ್ತಿಯನ್ನು ತನ್ನಿ!" ಎಂದು ಗುಡುಗುತ್ತಿದ್ದೆ. ಹೆಣ್ಣಾಳುಗಳು ಚಪ್ಪಾಳೆ ತಟ್ಟಿ "ಒನ್ಸ್ ಮೋರ್" ಎನ್ನುತ್ತಿದ್ದರು. ಅವರಲ್ಲಿ ಸೋನಾಬಾಯಿಯಂತೂ "ಒಂದು ಹಾಡೂ ಆಗಿಬಿಡ್ಲಿ, ರಾಜಾ!" ಎಂದು ಚುಡಾಯಿಸುವವಳು. ಉಬ್ಬಿಹೋಗಿ ಹಾಡಿಯೂ ಬಿಡುತ್ತಿದ್ದೆ. ಗುರುಪಾದಯ್ಯನವರು ಮಾತ್ರ ಆಗೊಮ್ಮೆ ಈಗೊಮ್ಮೆ ತಲೆಯ ರುಮಾಲು ತೆಗೆದು ಬೀಸುತ್ತಿದ್ದರು, ಎಂಜಿನ್ ನಿಲ್ಲುತ್ತಿತ್ತು. ಮುದುಕರಿಗೆ ಸೆಕೆಯಾಗುತ್ತದೆ, ಎಂಜಿನ್ನು ತಾನಾಗಿ ಕೆಡುತ್ತದೆ ಎಂದೇ ನಾನು ತಿಳಿದಿದ್ದೆ.

ನಿನ್ನೆ ಸೋನಾಬಾಯಿಯ ಸೆರಗು ಯಂತ್ರವನ್ನು ತಿರುಗಿಸುವ ಪಟ್ಟಕ್ಕೆ ಸಿಕ್ಕಿತು. "ನಿಲ್ಲಿಸಿರಿ!" ಎಂದು ಗರ್ಜಿಸಿದೆ. ಎಲ್ಲರೂ ನಕ್ಕರು, ಅಪ್ಪಾ! ಯಾರೋ ಚಪ್ಪಾಳೆಯನ್ನೂ ತಟ್ಟಿದರು. ಪಟ್ಟ ಮಾತ್ರ ಆಕೆಯನ್ನು ಹತ್ತಿರ ಹತ್ತಿರಕ್ಕೆ ಎಳೆಯುತ್ತಿತ್ತು. ಗುರುಪಾದಯ್ಯನವರು ಬೆನ್ನು ತಿರುಗಿಸಿ ಅಂಗೈಯಲ್ಲಿ ಹತ್ತಿ ನೋಡುತ್ತಿದ್ದರು. ಆಗ ಹೊಳೆಯಿತು: ಎಂಜಿನ್ ನಿಲ್ಲುತ್ತಿದ್ದದ್ದು ಅವರು ರುಮಾಲು ಬೀಸಿದಾಗಲೇ! ನನ್ನ ಕರಿ ಟೋಪಿ ಬೀಸಿದೆ. ಕಿಟಕಿಯಾಚೆ ಎಂಜಿನ್ ಕಾಯುವ ಅಮೀನಸಾಬ ಕಣ್ಣೆತ್ತಲಿಲ್ಲ. ಹಾರಿಹೋಗಿ ಹಿರಿಯರ ತಲೆಯ ಬಿಳಿ ರುಮಾಲಿಗೇ ಕೈಹಾಕಿ ಕಿತ್ತೆ, ಬೀಸಿದೆ. ಎಂಜಿನ್ ನಿಂತಿತು. ಸೀರೆ ಹರಿಯಿತು, ಮೊಳಕೈ ತರಚಿತು, ಜೀವ ಉಳಿಯಿತು.

ಆದರೆ ಆ ಬೋಳು ತಲೆ! ಜಿನ್ನಿನ ಮಂದಿಯೆಲ್ಲ ನೋಡುತ್ತಿದ್ದರು. ಹಗೆಯವರೂ ಹಿರಿಯರ ರುಮಾಲಿಗೆ ಕೈಹಾಕುವುದಿಲ್ಲ. ಎರಡೂ ಕೈಯಲ್ಲಿ ರುಮಾಲನ್ನು ಅವರ ಮುಂದೆ ಹಿಡಿದೆ. ಅವರು ರುಮಾಲಿಗೆ ಅಂಟಿದ ಹತ್ತಿ ಕೊಡವಿ, ನಿಧಾನವಾಗಿ ಸುತ್ತಿಕೊಂಡು ಹೋದರು. ಸಂಜೆ ಬಾಗಿಲಲ್ಲಿ ನಿಂತು ಹೇಳಿದ್ದು ಇಷ್ಟೇ: "ಸೋಮವಾರ ಟೋಪಿ ಬ್ಯಾಡ. ರುಮಾಲ ಸುತ್ಕೊಂಡು ಬಾ."

ಇದು ಪಟ್ಟಾಭಿಷೇಕವೋ, ನನ್ನ ರುಮಾಲನ್ನೂ ಮಂದಿಯ ಮುಂದೆ ಕಿತ್ತೆಸೆಯುವ ಶಿಕ್ಷೆಯೋ? ಅಮೀನಸಾಬನನ್ನು ಕೇಳಿದರೆ "ಬರ್ರಿ, ಬಂದ ಮ್ಯಾಲ ತಿಳೀತೈತಿ" ಎಂದು ಬೀಡಿ ಹಚ್ಚಿದ. ಇವತ್ತು ಸೋನಾಬಾಯಿ ರಾಜಾ ಎನ್ನಲಿಲ್ಲ. "ನಮಸ್ಕಾರ್ರಿ" ಎಂದು ತಲೆತಗ್ಗಿಸಿ ಹೋದಳು. ಅದರ ಅರ್ಥವೂ ಬಗೆಹರಿಯದು. ನಾನು ಬೆಳಗಿನಿಂದ ಒಂದು ಮಾತೂ ಗಟ್ಟಿಯಾಗಿ ಆಡಿಲ್ಲ.

ಅವ್ವನಿಗೆ ಈ ಸಂಗತಿ ಹೇಳಬೇಡಿ, ಹೆದರಿಯಾಳು. ನಿಡೋಣಿಯ ನಾಟಕ ಮಂಡಳಿಯ ಗುರಣ್ಣನಿಗೆ ನನ್ನ ಶರಣು ಹೇಳಿ. ನಿಮ್ಮ ಹಸ್ತ ನನ್ನ ತಲೆಯ ಮೇಲಿರಲಿ. ಸದ್ಯ ಅಲ್ಲಿ ಬೇರೇನೂ ಇಲ್ಲ.

ನಿಮ್ಮ ಮಗ
ಶಿವಯೋಗೆಪ್ಪ

ತಾ.ಕ.: ಈ ಪತ್ರ ತರುವ ತುಕಾರಾಮ ನಾಳೆ ಸಂಜೆ ತಿರುಗಿ ಬರುತ್ತಾನೆ. ಅವನ ಕೈಯಲ್ಲಿ ನಿಮ್ಮ ರುಮಾಲು ಕಳಿಸಿ. ನಾಟಕದ ಜರಿಯದು ಬೇಡ, ಹೊಲಕ್ಕೆ ಸುತ್ತುವ ಬಿಳಿಯದು. ಒಂದೇ ಕೈಯಿಂದ ಥಟ್ಟನೆ ತೆಗೆಯಲು ಬರುವಂತೆ ಅದನ್ನು ಸುತ್ತುವುದು ಹೇಗೆಂಬುದನ್ನೂ ಅವನಿಗೆ ತೋರಿಸಿಕೊಡಿ.