ಪೀಠದ ಹಿಂದಿನ ನೀಲಿ

ಆಗಸ್ಟ್ 16, ಶನಿವಾರ

ಇವತ್ತೂ ಸುಣ್ಣ ಕಲಸಿದ್ದೇ ಕೆಲಸ. ಸೊಂಟ ನನ್ನ ಮಾತು ಕೇಳುತ್ತಿಲ್ಲ. ನಾಲ್ಕು ಚೀಲ ಸಿಮೆಂಟ್ ತಂದರೆ ಈ ಗೋಡೆ ಒಂದು ವಾರದ ಕೆಲಸ ಎಂದೆ. ದುರಸ್ತಿ ನಡೆಸುವ ಎವ್ಲಿನ್‌ಗೆ ಎಲ್ಲ ಹಳೆಯ ಪದ್ಧತಿಯಲ್ಲೇ ಆಗಬೇಕು, ನನ್ನನ್ನು ಚರ್ಚಿನಿಂದಲೇ ಓಡಿಸುವವಳ ಹಾಗೆ ನೋಡಿದಳು. ಅವಳ ಮುತ್ತಜ್ಜ ಮತ್ತು ಚೆಕ್ ದೇಶದಿಂದ ಜೊತೆಗೆ ವಲಸೆ ಬಂದ ರೈತರು ಕಟ್ಟಿದ ಚರ್ಚು. ಬಿರುಗಾಳಿಗೆ ಅರ್ಧ ಛಾವಣಿ ಹಾರಿಹೋದ ಮೇಲೆ ಪ್ರಾರ್ಥನೆ ನಿಂತಿತು. ಈಗ ಶನಿವಾರಕ್ಕೊಮ್ಮೆ ಬಂದು ದುರಸ್ತಿ ಮಾಡುವವರು ನಾವು ಐದಾರು ಜನ ಮುದುಕರು. ನಾನೊಬ್ಬನೇ ವಿಭೂತಿ ಹಚ್ಚಿಕೊಂಡು ಬರುವವನು.

ಮಗ ಕುಶಾಲ್ ಇಲ್ಲಿಗೆ ಎರಡು ವರ್ಷ ಬಂದ. ವಾರವೆಲ್ಲ ಚಿಪ್ ಕಂಪನಿ, ಶನಿವಾರ ಈ ಕಲ್ಲು. ಕಳೆದ ದೀಪಾವಳಿ ಪಾಡ್ಯದ ದಿನವೂ ಬಂದಿದ್ದ. ವಾಪಸ್ ಸೀಡರ್ ಪಾರ್ಕಿನ ಮನೆ ಮುಟ್ಟಲಿಲ್ಲ. ಎರಡು ಲೇನಿನ ರಸ್ತೆ, ಎದುರಿಗೆ ಟ್ರಕ್…

ಅವನು ಹೋದ ಮೇಲೆ ನಾನು ಬರಲು ಶುರು ಮಾಡಿದೆ. ರಜನಿಗೆ ಈ ಜಾಗದ ಹೆಸರು ಹೇಳುವ ಹಾಗಿಲ್ಲ. "ಆ ಹಾಳ ಗುಡಿ ನನ್ನ ಮಗನ್ನ ನುಂಗೇತಿ" ಎನ್ನುತ್ತಾಳೆ. ಶನಿವಾರ ಸಂಜೆ ನನ್ನ ಜೊತೆ ಮಾತಿಲ್ಲ. ಊಟಕ್ಕೆ ಬಡಿಸುತ್ತಾಳೆ, ಅಷ್ಟೇ.

ಆಗಸ್ಟ್ 30

ಎವ್ಲಿನ್ ಇವತ್ತು ಪೀಠದ ಹಿಂದಿನ ಗೋಡೆಯ ಪ್ಲಾಸ್ಟಿಕ್ ಪರದೆ ಸರಿಸಿ ತೋರಿಸಿದಳು. ಮಗ ಇಲ್ಲಿ ಏನು ಮಾಡಿದ ಎಂದು ಇಷ್ಟು ದಿನ ಕೇಳುವ ಧೈರ್ಯ ನನಗಿರಲಿಲ್ಲ, ತೋರಿಸುವ ಧೈರ್ಯ ಅವಳಿಗಿರಲಿಲ್ಲ.

ನೀಲಿ ಗೋಡೆ, ಹಳದಿ ನಕ್ಷತ್ರ. ಮೇಲಿನ ಭಾಗ ಮುತ್ತಜ್ಜನ ಕಾಲದ್ದು. ಕೆಳಗಿನದು ಮಳೆಗೆ ತೊಳೆದು ಹೋಗಿತ್ತಂತೆ, ಅದನ್ನು ಪೂರ್ತಿ ಬರೆದವನು ಕುಶಾಲ್. ಹಳೆಯ ಪದ್ಧತಿಯಲ್ಲೇ — ಬಣ್ಣದ ಪುಡಿ, ಅಂಟು. ನೀರು ತಾಗಬಾರದು, ತಾಗಿದರೆ ಕರಗುತ್ತದೆ ಎಂದಳು. ಒಂದು ನಕ್ಷತ್ರ ಸೊಟ್ಟ. ತಿದ್ದಲು ಹೇಳಿದರೆ, ಇರಲಿ ಬಿಡಿ, ಅದು ನನ್ನ ಸಿಗ್ನೇಚರ್ ಎಂದನಂತೆ. ಶಾಲೆಯಲ್ಲಿದ್ದಾಗಲೂ ಹೀಗೇ, ಮಾಡಿದ ತಪ್ಪಿಗೊಂದು ಚಂದದ ಹೆಸರು.

ಕಾರಿನಲ್ಲಿ ಕೂತು ಅತ್ತೆ. ಮನೆಯಲ್ಲಿ ಹೇಳಲು ಹೊರಟೆ. ರಜನಿ ಟಿವಿ ಸೌಂಡ್ ಜಾಸ್ತಿ ಮಾಡಿದಳು.

ಸೆಪ್ಟೆಂಬರ್ 20

ಪಶ್ಚಿಮದ ಕಿಟಕಿಯ ಕೆಳಗೆ ಕಲ್ಲಿನ ಸಂದಿಗಳಿಗೆಲ್ಲ ಗಾರೆ ತುಂಬಿ ಮುಗಿಸಿದೆ. ನನ್ನ ಮೊದಲ ಸ್ವತಂತ್ರ ಕೆಲಸ. ಎವ್ಲಿನ್ 'not bad' ಎಂದಳು. ಅವಳ ಬಾಯಲ್ಲಿ ಅದು ಪದ್ಮಶ್ರೀ.

ಮಗಳು ಇಶಾ ರಿಚರ್ಡ್‌ಸನ್ ಊರಿನಿಂದ ಫೋನ್ ಮಾಡಿದ್ದಳು. ಅಮ್ಮನನ್ನು ಒಮ್ಮೆ ಕರಕೊಂಡು ಹೋಗು ಎಂದು ಇಂಗ್ಲಿಷಿನಲ್ಲಿ ವಾದ. ನೀನೇ ಕೇಳಿ ನೋಡು ಎಂದೆ. ಕೆಲಸ ಇದೆ ಎಂದು ಫೋನಿಟ್ಟಳು.

ಅಕ್ಟೋಬರ್ 12, ಭಾನುವಾರ

ರೊಟ್ಟಿ ಬಡಿಯುತ್ತಿದ್ದ ರಜನಿ ತಿರುಗಿ ನೋಡದೆಯೇ ಹೇಳಿದಳು. "ಬರೂ ಶನಿವಾರ ನಾನೂ ಬರ್ತೀನ್ರಿ. ವರ್ಷ ತುಂಬೂದ್ರೊಳಗ ಅವ ಮಾಡಿದ್ದು ಒಮ್ಮೆ ನೋಡಬೇಕು."

ಸಂತೋಷಕ್ಕೆ ಸ್ಟೂಲ್ ಎಳೆದು ಅವಳ ಪಕ್ಕದಲ್ಲೇ ಕೂತೆ. ಎಲ್ಲಿದೆ, ಏನಿದೆ ಎಂದು ಕೇಳಿದಳು. ಈಗ ಹೇಳುವುದಿಲ್ಲ, ಇಶಾನೂ ಬರಲಿ, ಮೂವರೂ ಒಟ್ಟಿಗೆ ನೋಡೋಣ ಎಂದೆ. ಎವ್ಲಿನ್‌ಗೂ ಫೋನ್ ಮಾಡಿದೆ. ಪರದೆ ಬಿಚ್ಚಿ ಇಡುತ್ತೇನೆ ಎಂದಳು.

ಅಕ್ಟೋಬರ್ 18, ಶನಿವಾರ

ಬರೆಯಬೇಕು. ಬರೆಯದಿದ್ದರೆ ಬಾಯಿಬಿಟ್ಟು ಹೇಳಿಬಿಡುತ್ತೇನೆ.

ರಜನಿ ಚರ್ಚಿನ ಬಾಗಿಲಲ್ಲೇ ಚಪ್ಪಲಿ ಬಿಟ್ಟಳು. ಬೂಟ್ಸ್ ಇಲ್ಲದೆ ಒಳಗೆ ಬಿಡದ ಎವ್ಲಿನ್ ಇವಳಿಗೆ ಏನೂ ಹೇಳಲಿಲ್ಲ. ಇಶಾ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಿದ್ದಳು, ಇನ್ನೂ ಒಂದು ಗಂಟೆ. ರಜನಿಯನ್ನು ಬೆಂಚಿನ ಮೇಲೆ ಕೂರಿಸಿ, ಹಿಂದಿನ ಹೊರಗೋಡೆಗೆ ಆಸರೆ ಕೊಡಲು ಹೊರಗೆ ಹೋದೆ.

ಬಂದು ನೋಡಿದರೆ ಬೆಂಚು ಪೀಠದ ಹಿಂದಿನ ಗೋಡೆಗೆ ಹತ್ತಿಕೊಂಡಿದೆ, ಅದರ ಮೇಲೆ ಇವಳು. ಪಕ್ಕದಲ್ಲಿ ಸುಣ್ಣ ಕಲಸುವ ಬಕೆಟ್, ತುಂಬ ನೀರು. ನೆಲ ಗುಡಿಸಿ ತೊಳೆದಾಗಿತ್ತು. ಕೈ ನಿಲುಕುವವರೆಗೂ ಗೋಡೆ ಒರೆಸಿದ್ದಳು. ನೆಲದ ಮೇಲೆ ನೀಲಿ ನೀರು ಹರಿಯುತ್ತಿತ್ತು. ಮುತ್ತಜ್ಜನ ನಕ್ಷತ್ರಗಳು ಮೇಲೆ ಹಾಗೇ ಇದ್ದವು. ಕೆಳಗೆ ಒಂದೂ ಇರಲಿಲ್ಲ.

"ಎಷ್ಟ್ ಹೊಲಸಿತ್ತು ನೋಡ್ರಿ, ಹಳೇ ಬಣ್ಣ ಎಲ್ಲಾ ಉದುರಾಕತ್ತಿತ್ತು, ಅರಿವಿ ಪೂರ್ತಿ ನೀಲಿ ಆತು" ಎಂದಳು. ಇವತ್ತು ನೀರು ತುಂಬುವ ಹಬ್ಬ. ವರ್ಷ ತುಂಬದೆ ಮನೆಯಲ್ಲಿ ಹಬ್ಬವಿಲ್ಲ, ಮಗ ದುಡಿದ ಗುಡಿಯನ್ನಾದರೂ ತೊಳೆಯೋಣ ಅನ್ನಿಸಿತಂತೆ. ಇಷ್ಟು ದಿನ ಇದನ್ನು ಬೈದದ್ದಕ್ಕೆ ತಪ್ಪುಕಾಣಿಕೆ ಅಂತ ತಿಳಕೊಳ್ರಿ ಎಂದು ನಕ್ಕಳು. ಒಂದು ವರ್ಷದಲ್ಲಿ ಮೊದಲ ಸಲ ನಕ್ಕಳು.

ಎವ್ಲಿನ್ ಒಳಗೆ ಬಂದಳು. ಗೋಡೆ ನೋಡಿದಳು. ಬಾಯಿ ತೆರೆದಳು. ನಾನು ಅವಳನ್ನೇ ನೋಡಿದೆ, ತಲೆ ಸಹ ಆಡಿಸಲಿಲ್ಲ. "Thank you, Rajani. It's very clean" ಎಂದು ಹೊರಗೆ ಹೋಗಿ ತನ್ನ ಟ್ರಕ್ಕಿನಲ್ಲಿ ಕೂತಳು. ಬಹಳ ಹೊತ್ತು ಇಳಿಯಲಿಲ್ಲ.

ಇಶಾ ಬಂದಳು. ರಜನಿ ದುಪಟ್ಟಾದಲ್ಲಿ ಕೈ ಒರೆಸಿಕೊಂಡಳು.

"ಈಗ ತೋರಸ್ರಿ. ನನ್ನ ಮಗ ಮಾಡಿದ್ದು ಯಾವುದು?"

ಪಶ್ಚಿಮದ ಕಿಟಕಿಯ ಬಳಿಗೆ ಕರೆದೊಯ್ದೆ. ನಾನೇ ತುಂಬಿದ ಗಾರೆಯನ್ನು ತೋರಿಸಿ, ಇದು ಎಂದೆ.

ಒಂದೊಂದು ಸಂದಿಯ ಮೇಲೂ ಬೆರಳಾಡಿಸಿದಳು. ಆಮೇಲೆ ಕಲ್ಲಿಗೆ ಕೆನ್ನೆ ಹಚ್ಚಿ ನಿಂತಳು. "ಚೊಲೊ ಮಾಡ್ಯಾನ" ಎಂದಳು.

ಅಕ್ಟೋಬರ್ 21, ಮಂಗಳವಾರ, ಪಾಡ್ಯ

ವರ್ಷದ ಪೂಜೆ ಆಯಿತು. ಹೂಸ್ಟನ್ನಿನಿಂದ ಬಂದವರಿಗೆಲ್ಲ ರಜನಿ ಫೋನಿನಲ್ಲಿ ಕಿಟಕಿಯ ಫೋಟೋ ತೋರಿಸಿದಳು. ಮುಟ್ಟಿದರೆ ಅವನ ಕೈ ಹಿಡಿದ ಹಾಗೇ ಆಗುತ್ತದೆ ಎಂದಳು. ಇನ್ನು ಪ್ರತಿ ಶನಿವಾರ ಬರುತ್ತಾಳಂತೆ. ಎಲ್ಲರೂ ಕಣ್ಣೊರೆಸಿಕೊಂಡರು. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದೆ.

ಗೋಡೆ ಒರೆಸಿದ ಬಟ್ಟೆಯನ್ನು ಕಾರಿನಿಂದ ತೆಗೆದು ಕಸಕ್ಕೆ ಹಾಕಿದ್ದಳು. ಯಾರೂ ನೋಡದಾಗ ಎತ್ತಿಕೊಂಡೆ. ಒಣಗಿ ರಟ್ಟಿನ ಹಾಗಾಗಿದೆ. ಮಡಿಕೆಯಲ್ಲಿ ಎಲ್ಲ ನೀಲಿ, ಒಂದು ಕಡೆ ಸ್ವಲ್ಪ ಹಳದಿ. ಇಷ್ಟೇ ಉಳಿದಿರುವುದು. ಬರೆಯುವಾಗ ತೊಡೆಯ ಮೇಲೇ ಇಟ್ಟುಕೊಂಡಿದ್ದೇನೆ.

ರಜನಿ ಬಾಗಿಲಲ್ಲಿ ನಿಂತಿದ್ದಾಳೆ. "ಆ ಹೊಲಸ ಅರಿವಿ ಯಾಕ ಇಟ್ಕೊಂಡೀರಿ? ಕೊಡ್ರಿ ಇಲ್ಲೆ, ವಾಷರ್‌ಗೆ ಹಾಕ್ತೀನಿ" ಎನ್ನುತ್ತಿದ್ದಾಳೆ. ಕೈ ಚಾಚಿದ್ದಾಳೆ. ಏನು ಹೇಳ—