ಗುಳ್ಳೆಯ ಹಿಂದಿನ ಸುಳಿ

ಭಾನುವಾರ, ಮಧ್ಯಾಹ್ನ
ಪ್ರಯೋಗಶಾಲೆ

ನನ್ನ ಪ್ರೀತಿಯ ಪುಟ್ಟಿ,

ನಾಳೆ ಬೆಳಿಗ್ಗೆ ಪ್ರೊಫೆಸರ್ ಹತ್ತಿರ ಹೋಗಿ, ನನ್ನ ಲೆಕ್ಕವೇ ತಪ್ಪು, ಸಂಶೋಧನೆ ಬಿಟ್ಟುಬಿಡ್ತೀನಿ ಅಂತ ಹೇಳುತ್ತೀಯಂತೆ. ಅಮ್ಮ ಫೋನಿನಲ್ಲಿ ಒಂದೇ ಸಮನೆ ಅಳುತ್ತಿದ್ದಳು. ಹೋಗುವ ಮೊದಲು ಇದನ್ನು ಓದು. ಎದುರಿಗೆ ನಿಂತು ಹೇಳುವಷ್ಟು ಧೈರ್ಯ ನಿನ್ನಕ್ಕನಿಗಿಲ್ಲ.

ಹನ್ನೊಂದು ವರ್ಷದಿಂದ ಈ ಗಾಜಿನ ತೊಟ್ಟಿ ನೋಡಿಕೊಳ್ಳುತ್ತಿರುವವಳು ನಾನು. ನೀರು ತುಂಬಿ, ಅದರ ಚಲನೆ ಕಾಣಲೆಂದು ಹೊಳೆಯುವ ಪುಡಿ ಬೆರೆಸುವುದು, ತಳದ ಸೂಜಿಯಿಂದ ಒಂದೊಂದೇ ಗುಳ್ಳೆ ಬಿಡುವುದು, ಚಿತ್ರ ತೆಗೆಯುವುದು. ಮೇಲೇರುವ ಗುಳ್ಳೆಯ ಹಿಂದೆ ನೀರು ಸುಳಿ ಸುತ್ತುವುದನ್ನು ಸಾವಿರ ಸಲ ನೋಡಿದ್ದೇನೆ. ನೀನು ಬಂದು ಹದಿನೈದು ದಿನ ಆಗಿತ್ತೋ ಇಲ್ಲವೋ, ಆ ಸುಳಿ ಎಷ್ಟು ದೊಡ್ಡದಿರಬೇಕು, ಗುಳ್ಳೆ ಎಷ್ಟು ವೇಗವಾಗಿ ಏರಬೇಕು ಅಂತ ಕಾಗದದ ಮೇಲೆ ಬರೆದೇಬಿಟ್ಟೆ. ಪ್ರೊಫೆಸರ್ ನನ್ನನ್ನು ಕರೆದು, ನಿನ್ನ ತಂಗಿಗೆ ಕಣ್ಣಿದೆ ಕಣಮ್ಮಾ ಅಂದರು. ನನ್ನ ಕಣ್ಣೇನು ಇಂಗಿಹೋಗಿತ್ತಾ? ಅವತ್ತು ಊಟ ಸೇರಲಿಲ್ಲ. ಹೊಟ್ಟೆಕಿಚ್ಚು ಕಣೇ, ಬೇರೇನೂ ಅಲ್ಲ.

ತೊಟ್ಟಿಗೆ ಸೋಪು ಸೋಕಿಸಬಾರದು ಅಂತ ಗೋಡೆಗೆ ಚೀಟಿ ಅಂಟಿಸಿದವಳೇ ನಾನು. ಮಾರನೆಯ ದಿನ ಸೋಪು ಹಾಕಿ ತೊಳೆದೆ, ಆಮೇಲೆ ಸರಿಯಾಗಿ ನೀರು ಹಾಯಿಸಲಿಲ್ಲ. ಮರೆತೆ ಅಂತ ಬರೆಯೋಣ ಅಂದುಕೊಂಡಿದ್ದೆ. ಸುಳ್ಳು. ಬೇಕಂತಲೇ ಮಾಡಿದೆ, ಮೂರು ತಿಂಗಳು ವಾರ ವಾರವೂ ಮಾಡಿದೆ. ಚೂರು ಸೋಪು ಉಳಿದರೂ ಸಾಕು, ಗುಳ್ಳೆಯ ಮೈ ಬಿಗಿಯುತ್ತದೆ, ಹಿಂದಿನ ಸುಳಿ ದಪ್ಪವಾಗಿ ಅದನ್ನು ಕೆಳಕ್ಕೆ ಜಗ್ಗುತ್ತದೆ, ವೇಗ ಇಳಿದುಹೋಗುತ್ತದೆ. ಅಳೆದ ಅಂಕಿಗಳು ನಿನ್ನ ಲೆಕ್ಕಕ್ಕೆ ಹೊಂದದೆ ನೀನು ಕಣ್ಣೀರು ಹಾಕುವಾಗ ಪಕ್ಕದಲ್ಲಿ ಕೂತು, ಹೋಗ್ಲಿ ಬಿಡು ಪುಟ್ಟಿ ಅಂತ ಬೆನ್ನು ಸವರಿದೆ. ಒಳಗೊಳಗೇ ಖುಷಿಯಾಗುತ್ತಿತ್ತು. ಅದನ್ನೂ ಹೇಳಿಬಿಡುತ್ತೇನೆ.

ನಿನ್ನ ಲೆಕ್ಕ ಸರಿ. ಇವತ್ತು ಬೆಳಿಗ್ಗೆಯಿಂದ ತೊಟ್ಟಿಯನ್ನು ಏಳು ಸಲ ಬಿಸಿನೀರಿನಲ್ಲಿ ತೊಳೆದು ಹೊಸದಾಗಿ ಗುಳ್ಳೆ ಬಿಟ್ಟೆ. ಚಿತ್ರಗಳು ಜೊತೆಯಲ್ಲಿವೆ. ಸುಳಿ ನೀನು ಬರೆದಷ್ಟೇ ಸಣ್ಣದು, ಗುಳ್ಳೆ ನೀನು ಹೇಳಿದ ವೇಗದಲ್ಲೇ ಏರಿತು. ಪ್ರೊಫೆಸರಿಗೂ ಎಲ್ಲ ಬರೆದು ಅವರ ಮೇಜಿನ ಮೇಲಿಟ್ಟಿದ್ದೇನೆ. ಕೆಲಸದಿಂದ ತೆಗೆದರೆ ತೆಗೆಯಲಿ.

ಬೈಯಬೇಕು ಅನ್ನಿಸಿದರೆ ಮನೆಗೇ ಬಂದು ಬೈ. ಮಾತು ಮಾತ್ರ ಬಿಡಬೇಡ.

ನಿನ್ನ
ಅಕ್ಕ

ಇನ್ನೊಂದು ಮಾತು: ಹೊಟ್ಟೆಕಿಚ್ಚು ಈಗಲಾದರೂ ಹೋಯಿತಾ ಅಂತ ಕೇಳಬೇಡ. ಈ ಚಿತ್ರಗಳನ್ನು ನೋಡಿದ ಮೇಲೆ ಇನ್ನೂ ಜಾಸ್ತಿಯಾಗಿದೆ. ಮೊದಲು ತೆಗೆದ ಪ್ರತಿಗಳನ್ನು ಹರಿದು ಬುಟ್ಟಿಗೆ ಹಾಕಿದ್ದೆ, ಇವು ಎರಡನೆಯವು. ತೊಟ್ಟಿಯ ಕೋಣೆಯ ಬೀಗದಕೈ ಲಕೋಟೆಯೊಳಗಿದೆ. ಇನ್ನು ಮೇಲೆ ನೀನೇ ತೊಳೆದುಕೋ. ನನ್ನನ್ನು ನಂಬಬೇಡ.