ಕಡಲು ತಿನ್ನದ ಕಲ್ಲು

ಮರವಂತೆ
೧೮ ಆಗಸ್ಟ್ ೨೦೨೫

ನನ್ನ ಹಸನಬ್ಬನಿಗೆ,

ಫೋನು ನೀನು ಎತ್ತುವುದಿಲ್ಲ, ಅದಕ್ಕೇ ಈ ಕಾಗದ. ಕೊಕ್ಕರ್ಣೆಯಲ್ಲಿ ಮಗಳ ಮನೆ ಸೇರಿ ವರ್ಷವಾಯಿತಲ್ಲ, ತೆರೆಯ ಸದ್ದಿಲ್ಲದೆ ನಿದ್ದೆ ಬರುತ್ತದಾ ಮಾರಾಯ?

ಎಣ್ಣೆ ತೆಗೆದುಕೊಂಡು ಬಾ. ಮಳೆಯ ಅಬ್ಬರ ಇಳಿದು ದೋಣಿ ಇಳಿಯುವ ಮೊದಲು ನಮ್ಮ ಕಡಲ ದೈವ ಬೊಬ್ಬರ್ಯನ ಗುಡಿಯ ದೀಪಕ್ಕೆ ನಿಮ್ಮ ಮನೆಯ ಎಣ್ಣೆ ಬೀಳಬೇಕು; ಅಜ್ಜಂದಿರ ಕಟ್ಟಳೆ. ನಾಳೆ ನನ್ನ ಮಗ ನಿತೇಶ್ ಮೊದಲ ಬಾರಿ ಸ್ವಂತ ದೋಣಿ ಇಳಿಸುತ್ತಾನೆ. ದೀಪ ಒಣಗಿ ಕೂತಿದೆ.

ಗುಡಿಯ ಮುಂದಿನ ಆ ಗಡಿಕಲ್ಲಿನ ಕಥೆ ನಿನಗೆ ಗೊತ್ತು, ಆದರೂ ಇನ್ನೊಮ್ಮೆ ಕೇಳು! ಬ್ರಿಟಿಷ್ ದೊರೆ ಅಳತೆಯ ಸರಪಳಿ ಹಿಡಿಸಿಕೊಂಡು ಬಂದ. ಗುಡಿಯ ಜಾಗ ಯಾರದ್ದೆಂದು ಗುಡುಗಿದ. ನಿನ್ನ ಮುತ್ತಜ್ಜ, ನನ್ನ ಮುತ್ತಜ್ಜ ಒಂದೇ ಉಸಿರಿಗೆ ನಮ್ಮದು ಎಂದರು. ದೊರೆಗೆ ಅಂಥ ಉತ್ತರ ಬೇಡವಾಗಿತ್ತು. ನಡುವೆ ಕಲ್ಲು ಹುಗಿಸಿದ: ಇತ್ತ ಹಿಂದೂ, ಅತ್ತ ಮುಸಲ್ಮಾನ. ದೊರೆ ಹಡಗು ಹತ್ತಿದ, ಕಲ್ಲು ಹತ್ತಲಿಲ್ಲ. ನಾವು ಅದರ ಮೇಲೆ ಬಲೆ ಒಣಗಿಸಿಕೊಂಡಿದ್ದೆವು. ಹೋದ ವರ್ಷ ಎರಡೂ ಕಡೆಯ ಹುಡುಗರು ಅದನ್ನು ತೊಳೆದು, ಒಂದು ಮುಖಕ್ಕೆ ಕೇಸರಿ, ಇನ್ನೊಂದಕ್ಕೆ ಹಸಿರು ಬಳಿದರು. ಬೇಲಿ ಬಂತು. ನಿನ್ನ ಎಣ್ಣೆ ಹಿಂದಕ್ಕೆ ಹೋಯಿತು.

ಈ ಮಳೆಗಾಲ ಕಡಲು ಬೇಲಿ ತಿಂದಿತು, ತೆಂಗು ತಿಂದಿತು. ಕಲ್ಲು ಮಾತ್ರ ನೀರಿನ ನಡುವೆ ನೆಟ್ಟಗೆ! ಅದಕ್ಕೆ ತಾಗಿದ ತೆರೆ ಸೀಳಿ ಎರಡಾಗುತ್ತಿತ್ತು, ಮತ್ತೆ ಕೂಡುತ್ತಿರಲಿಲ್ಲ. ಹುಡುಗರು ಅದನ್ನು ಎಳೆದು ತಂದು ನಮ್ಮ ಓಣಿಯಲ್ಲಿ ನೆಟ್ಟರು.

ಅಂದಿನಿಂದ ಯಾರಿಗೂ ಅದನ್ನು ದಾಟಲಾಗುತ್ತಿಲ್ಲ. ನಾಟಕದ ರಾಜಪಾರ್ಟಿನಲ್ಲಿ ರಂಗದಿಂದ ಧುಮುಕುತ್ತಿದ್ದ ನಾನು ಹೆಜ್ಜೆ ಎತ್ತಲಾರದೆ ನಿಂತೆ. ಮೀನಿನ ಅಪ್ಪಿ ನೋಡಿ, ಹ್ವಾಯ್ ರಾಜ್ರೆ, ನಾಟ್ಕದಗೆ ಕೋಟೆ ಹಾರ್ತಿದ್ರಿ, ಒಂದ್ ಕಲ್ ಹಾರುಕ್ ಆತಿಲ್ಯಾ ಎಂದು ನಕ್ಕಳು. ನಗುತ್ತಲೇ ಬಂದವಳು ಕಲ್ಲಿನ ಬಳಿ ಬುಟ್ಟಿ ಇಳಿಸಿಬಿಟ್ಟಳು. ಕಾಲೇ ಏಳ್ತಿಲ್ಲೆ ಎಂದಳು. ಆಮೇಲೆ ಅವಳು ನಗಲಿಲ್ಲ.

ಬಾ ಹಸನಬ್ಬ. ಮುನಿಸು ನನ್ನ ಮೇಲಿರಲಿ, ಮಗುವಿನ ಮೇಲೆ ಬೇಡ.

ನಿನ್ನ
ಉಮಾನಾಥ

ತಾ.ಕ.: ಹುಡುಗರು ಎಂದು ಬರೆದೆನಲ್ಲ, ಎಣ್ಣೆ ಹಿಂದಿರುಗಿಸಿದವನು ನಿತೇಶನೇ. ಕಡಲಿಗೂ ಒಂದ್ ಗಡಿ ಬೇಕಲ್ದಾ ಅಪ್ಪಯ್ಯ ಎನ್ನುತ್ತ, ನಾಳೆಗೂ ಕಾಯದೆ, ಕಲ್ಲನ್ನು ದೋಣಿಗೇರಿಸಿ ಈಗಷ್ಟೇ ಹೋದ. ನಡುಮಧ್ಯಾಹ್ನದ ಬಿಸಿಲಿನಲ್ಲಿ ಇಲ್ಲಿಂದಲೇ ಕಾಣುತ್ತಿದೆ. ದೋಣಿಯ ಎಡಕ್ಕೆ ಅಲೆಯಿಲ್ಲದ ನೀರು, ಬಲಕ್ಕೆ ಕುದಿಯುವ ನೀರು. ಎಂಜಿನ್ ಮೊರೆಯುತ್ತಿದೆ, ದೋಣಿ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಕಾಗದ ತಂದ ಕುಷ್ಟನ ಬೈಕಿನಲ್ಲೇ ಹೊರಡು. ಮಗ ಕೂಗುತ್ತಿದ್ದಾನೆ. ಅಪ್ಪಯ್ಯ ಎಂದಲ್ಲ, ಹಸನ್‌ಕಾಕಾ ಎಂದು.